ರೋಹನ್ ಜನರ ಇತಿಹಾಸ: ಎಯೋರ್ಲ್‌ಗೆ ಸಿಕ್ಕ ನೆಲ ನಿಜಕ್ಕೂ ಖಾಲಿ ಇತ್ತಾ?

ಹಳೇನಕ್ಷೆ (ಚರ್ಚೆ ಶುರು ಮಾಡಿದವರು)

ಟೋಲ್ಕಿನ್ ಕಥೆಗಳ ರೋಹನ್ ರಾಜ್ಯವನ್ನು ಆಳಿದ ಹೆಲ್ಮ್ ರಾಜನ ಕಥೆ 2024ರಲ್ಲಿ ಅನಿಮೇಷನ್ ಚಿತ್ರವಾಗಿ ಬಂದ ಮೇಲೆ ಇಲ್ಲಿ ರೋಹನ್ ಬಗ್ಗೆ ಮಾತು ಜಾಸ್ತಿಯಾಗಿದೆ. ಖುಷಿಯಾಯಿತು. ಆದರೆ ಮಾತೆಲ್ಲ ಕೋಟೆ, ಕತ್ತಿ, ಕುದುರೆಗಳ ಸುತ್ತಲೇ ಇದೆ. ರೋಹನ್‌ನವರಿಗೂ ಪಕ್ಕದ ಡನ್‌ಲ್ಯಾಂಡಿನವರಿಗೂ ನಡೆದ ಜಗಳ ಹುಟ್ಟಿದ್ದು ಎಲ್ಲಿ ಅಂತ ಒಮ್ಮೆ ಕೂತು ಮಾತಾಡಬೇಕು ಅನ್ನಿಸಿತು.

ಹೊಸಬರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ಟೋಲ್ಕಿನ್ ಕಟ್ಟಿದ ಮಿಡಲ್ ಅರ್ತ್‌ನಲ್ಲಿ ಅದು ಮೂರನೇ ಯುಗದ 2510ನೇ ವರ್ಷ. ಗೊಂಡೋರ್ ರಾಜ್ಯ ಕಷ್ಟದಲ್ಲಿತ್ತು. ಪೂರ್ವದಿಂದ ಬಾಲ್ಖೋತ್ ಎಂಬ ಜನ ನುಗ್ಗಿದ್ದರು. ಗೊಂಡೋರಿಗೆ ಆಗ ರಾಜನಿರಲಿಲ್ಲ, ರಾಜನ ಬದಲಿಗೆ ಆಳುವ ಸ್ಟೀವರ್ಡ್ ಕಿರಿಯೋನ್ ಆಳುತ್ತಿದ್ದ. ಅವನು ಸಹಾಯ ಕೇಳಿ ದೂರದ ಉತ್ತರಕ್ಕೆ ಆರು ಜನ ದೂತರನ್ನು ಕಳಿಸಿದ. ಬೊರೊಂಡಿರ್ ಒಬ್ಬನೇ ಜೀವಂತವಾಗಿ ತಲುಪಿದ. ಅವನ ಮಾತು ಕೇಳಿ ಎಯೋಥೆಯೋಡ್ ಜನರ ಒಡೆಯ ಎಯೋರ್ಲ್ ಸುಮಾರು ಏಳು ಸಾವಿರ ಸವಾರರ ಜೊತೆ ಹೊರಟುಬಂದ. ಅವನಿಗಿನ್ನೂ ಇಪ್ಪತ್ತೈದರ ಪ್ರಾಯ. ಕೆಲೆಬ್ರಾಂಟ್ ಬಯಲಲ್ಲಿ ಸೋಲುತ್ತಿದ್ದ ಗೊಂಡೋರ್ ಸೈನ್ಯವನ್ನು ಉಳಿಸಿದ. ಕಿರಿಯೋನ್ ಅದಕ್ಕೆ ಪ್ರತಿಯಾಗಿ ಕಾಲೆನಾರ್ಧೋನ್ ಪ್ರಾಂತ್ಯವನ್ನೇ ಕೊಟ್ಟ. ಹಾಲಿಫಿರಿಯೆನ್ ಬೆಟ್ಟದ ಮೇಲೆ, ಹಳೆಯ ದೊರೆ ಎಲೆಂಡಿಲ್‌ನ ಸಮಾಧಿಯ ಪಕ್ಕದಲ್ಲಿ ನಿಂತು ಇಬ್ಬರೂ ಪ್ರಮಾಣ ಮಾಡಿದರು. ಆ ಪ್ರಾಂತ್ಯವೇ ರೋಹನ್ ಆಯಿತು.

ಎಲ್ಲರೂ ಕಥೆಯನ್ನು ಇಲ್ಲಿಂದ ಶುರು ಮಾಡುತ್ತಾರೆ. ನಾನು ಕೇಳುವುದು ಇಷ್ಟೇ: ಕೊಟ್ಟ ನೆಲದಲ್ಲಿ ಯಾರೂ ಇರಲಿಲ್ಲವಾ? ಗೊಂಡೋರಿನ ಜನ ಅಲ್ಲಿ ಕಡಿಮೆಯಾಗಿದ್ದರು, ನಿಜ. 1636ರ ಮಹಾಮಾರಿ ಅಲ್ಲಿನ ಊರುಗಳನ್ನು ಬರಿದು ಮಾಡಿತ್ತು. ಉಳಿದವರನ್ನು ಬಾಲ್ಖೋತ್ ದಾಳಿ ಚದುರಿಸಿತು. ಆದರೆ ಪಶ್ಚಿಮದಲ್ಲಿ, ಐಸೆನ್ ನದಿಯ ಈಚೆ ದಡದಲ್ಲಿ, ಡನ್‌ಲ್ಯಾಂಡಿನವರು ಇದ್ದರು. ಎಯೋರ್ಲ್‌ನ ಮೊಮ್ಮಗ ಆಲ್ಡೋರ್ 75 ವರ್ಷ ಆಳಿದ. ಐಸೆನ್‌ನ ಪೂರ್ವಕ್ಕೆ ಉಳಿದಿದ್ದ ಡನ್‌ಲ್ಯಾಂಡಿನವರನ್ನು ಅವನ ಕಾಲದಲ್ಲಿ ಓಡಿಸಿದರು ಅಂತ ‘ಲಾರ್ಡ್ ಆಫ್ ದ ರಿಂಗ್ಸ್’ ಪುಸ್ತಕದ ಅನುಬಂಧವೇ ಹೇಳುತ್ತದೆ. ಓಡಿಸಿದರು ಅಂದಮೇಲೆ ಅಲ್ಲಿ ಜನ ಇದ್ದರು ಅಂತಲೇ ಅರ್ಥ ಅಲ್ವಾ?

ಡನ್‌ಲ್ಯಾಂಡಿನವರನ್ನು ಬರೀ ಶತ್ರುಗಳು ಅಂತ ಬದಿಗಿಟ್ಟು ಓದಿದರೆ ರೋಹನ್ ಇತಿಹಾಸ ಅರ್ಧ ಮಾತ್ರ ಸಿಗುತ್ತದೆ ಅಂತ ನನ್ನ ಅಭಿಪ್ರಾಯ. ನೀವೆಲ್ಲ ಏನಂತೀರಿ?

---

ಬಯಲಸವಾರ

ಪ್ರಶ್ನೆ ಚೆನ್ನಾಗಿದೆ ಸರ್. ಆದರೆ ಎಯೋರ್ಲ್‌ನ ಜನರನ್ನು ಕಂಡವರ ನೆಲ ಕಿತ್ತುಕೊಂಡವರು ಅನ್ನುವ ಹಾಗೆ ನೋಡುವುದನ್ನು ನಾನು ಒಪ್ಪುವುದಿಲ್ಲ. ಅವರ ಹಿಂದಿನ ಕಥೆ ನೋಡಿ. ನೆಲ ಕಳೆದುಕೊಂಡು ಕಳೆದುಕೊಂಡು ಬಂದವರು ಅವರು.

ಮೂಲದಲ್ಲಿ ಅವರು ರೋವಾನಿಯೋನ್ ಬಯಲಿನ ಉತ್ತರದ ಜನ. ಅಲ್ಲಿನ ವಿಡುಗಾವಿಯಾ ಎಷ್ಟು ದೊಡ್ಡವನಾಗಿದ್ದ ಅಂದರೆ, ಅವನ ಮಗಳನ್ನು ಗೊಂಡೋರಿನ ರಾಜಕುಮಾರ ವಾಲಕಾರ್ ಮದುವೆಯಾದ. ಆ ಮದುವೆಯಿಂದ ಹುಟ್ಟಿದ ಮಗ ಎಲ್ಡಕಾರ್ ರಾಜನಾಗುವುದನ್ನು ಗೊಂಡೋರಿನ ಎಷ್ಟೋ ಜನ ಒಪ್ಪಲಿಲ್ಲ. ರಕ್ತ ಬೆರೆತಿದೆ ಅನ್ನುವುದೇ ಅವರ ಆಕ್ಷೇಪ. ಅದರಿಂದಲೇ 1432ರಲ್ಲಿ ಶುರುವಾದ ಒಳಜಗಳ 1448ರ ತನಕ ನಡೆಯಿತು. ಅಂದರೆ ಈ ಜನ ಗೊಂಡೋರಿನ ಕಣ್ಣಲ್ಲಿ ಒಂದು ಕಾಲಕ್ಕೆ ಕೀಳಾಗಿದ್ದವರೇ.

ಆಮೇಲೆ 1856ರಲ್ಲಿ ಬಂಡಿಸವಾರರ ದಾಳಿ ಆಯಿತು. ಅದರಲ್ಲಿ ಗೊಂಡೋರಿನ ರಾಜನೇ ಸತ್ತ. ಬಯಲಿನ ಜನ ಗುಲಾಮರಾದರು. ತಪ್ಪಿಸಿಕೊಂಡವರನ್ನು ಮಾರ್ಹ್ವಿನಿ ಆಂಡುಯಿನ್ ಕಣಿವೆಗೆ ಕರೆದುಕೊಂಡು ಬಂದ. ಅದೂ ಸಾಲದೆ 1977ರಲ್ಲಿ ಫ್ರುಮ್‌ಗಾರ್ ಅವರನ್ನು ಇನ್ನೂ ಉತ್ತರಕ್ಕೆ, ಆಂಡುಯಿನ್ ಹುಟ್ಟುವ ಜಾಗದ ಹತ್ತಿರಕ್ಕೆ ಕರೆದೊಯ್ದ. ಅಲ್ಲಿ ಐನೂರು ವರ್ಷ ಬೆಳೆದು ಬೆಳೆದು ಜಾಗ ಸಾಲದಾಯಿತು.

ಕಿರಿಯೋನ್ ಕರೆದಾಗ ನೆಲ ಕೊಡುತ್ತೇನೆ ಅಂತ ಹೇಳಿರಲಿಲ್ಲ. ಬರೀ ಸಹಾಯ ಕೇಳಿದ್ದ. ಊರಲ್ಲಿ ಹೆಂಗಸರು, ಮಕ್ಕಳನ್ನು ಬಿಟ್ಟು ಎಯೋರ್ಲ್ ಹೊರಟ. ಗೆದ್ದ ಮೇಲೆ ಸಿಕ್ಕಿದ್ದು ನೆಲ. ಅದನ್ನು ಬೇಡ ಅನ್ನಬೇಕಿತ್ತಾ?

---

ಕಾಡಂಚು

ಬಯಲಸವಾರ ಅವರೇ, ನೀವು ಹೇಳಿದ್ದೇ ನನಗೆ ಮುಖ್ಯ ಅನ್ನಿಸುತ್ತದೆ. ಬೇಡ ಅನ್ನಬೇಕಾದವನು ಎಯೋರ್ಲ್ ಅಲ್ಲ. ಕೊಡುವ ಮುಂಚೆ ಯೋಚಿಸಬೇಕಾದವನು ಕಿರಿಯೋನ್. ಆದರೆ ಅದರ ಬೆಲೆ ತೆತ್ತವರು ಗೊಂಡೋರಿನವರಲ್ಲ, ರೋಹನ್‌ನ ಸವಾರರು ಮತ್ತು ಡನ್‌ಲ್ಯಾಂಡಿನವರು. ತಲೆಮಾರುಗಟ್ಟಲೆ ಬಡಿದಾಡಿದ್ದು ಅವರೇ.

ಡನ್‌ಲ್ಯಾಂಡಿನವರ ಹಿಂದಿನ ಕಥೆಯನ್ನೂ ಇದರ ಪಕ್ಕದಲ್ಲಿ ಇಟ್ಟು ನೋಡಿ. ಎರಡನೇ ಯುಗದಲ್ಲಿ ಕಡಲಾಚೆಯ ದ್ವೀಪದ ನೂಮೆನೋರಿನವರು ಹಡಗು ಕಟ್ಟಲು ಮರ ಬೇಕು ಅಂತ ಗ್ವಾಥ್ಲೋ ನದಿಯ ಬಾಯಿಗೆ ಬಂದರು. ಅವರ ರಾಜಕುಮಾರ ಆಲ್ಡಾರಿಯೋನ್ ಅಲ್ಲಿ ಬಂದರು ಕಟ್ಟಿದ. ಆಗ ನದಿಯ ಎರಡೂ ಕಡೆ, ಮಿನ್‌ಹಿರಿಯಾತ್ ಮತ್ತು ಎನೆಡ್‌ವೈತ್‌ನಲ್ಲಿ, ಕೊನೆಯೇ ಕಾಣದಂಥ ಕಾಡಿತ್ತು. ಕಾಡಲ್ಲಿ ಜನ ಇದ್ದರು. ಮೊದಮೊದಲು ಆ ಜನ ಸುಮ್ಮನಿದ್ದರು. ಕಡಿಯುವುದು ನಿಲ್ಲಲೇ ಇಲ್ಲ. ಆಗ ಎದುರು ಬಿದ್ದರು. ಎದುರು ಬಿದ್ದ ಮೇಲೆ ನೂಮೆನೋರಿನವರು ಅವರನ್ನು ಶತ್ರುಗಳು ಅಂದರು. ಕಾಡು ಇನ್ನೂ ಜೋರಾಗಿ ಬೋಳಾಯಿತು. ಉಳಿದ ಜನ ಡನ್‌ಲ್ಯಾಂಡಿನ ಗುಡ್ಡಗಳ ಕಡೆ ಓಡಿದರು.

ಅಂದರೆ ಎಯೋರ್ಲ್ ಬರುವ ಸಾವಿರಾರು ವರ್ಷ ಮುಂಚೆಯೇ ಆ ಜನರ ಕಾಡು ಹೋಗಿತ್ತು. ಗೊಂಡೋರಿನವರು ಅದೇ ನೂಮೆನೋರಿನ ವಂಶ. ಐಸೆನ್ ದಾಟಿ ಬಂದ ಡನ್‌ಲ್ಯಾಂಡಿನವನಿಗೆ ಅದು ಕಾಲೆನಾರ್ಧೋನ್ ಪ್ರಾಂತ್ಯ ಅಲ್ಲ, ಅದು ಬದುಕಲು ಉಳಿದಿದ್ದ ಹುಲ್ಲುಗಾವಲು.

ರೋಹನ್‌ನವರು ಮತ್ತು ಡನ್‌ಲ್ಯಾಂಡಿನವರು ಇಬ್ಬರೂ ಮನೆ ಕಳೆದುಕೊಂಡವರು. ನನಗೆ ಈ ಇತಿಹಾಸದಲ್ಲಿ ಅತಿ ನೋವಿನ ಸಂಗತಿ ಇದೇ.

---

ಹೊಸಓದುಗಿ

ಎಲ್ಲರಿಗೂ ನಮಸ್ಕಾರ. ನಾನು ಚಿತ್ರ ನೋಡಿ ಆಮೇಲೆ ಅನುಬಂಧ ಓದಿದವಳು. ಒಂದು ಅನುಮಾನ. ಫ್ರೆಕಾ ಮತ್ತು ಅವನ ಮಗ ವುಲ್ಫ್ ಡನ್‌ಲ್ಯಾಂಡಿನವರಾ, ರೋಹನ್‌ನವರಾ? ಚಿತ್ರದಲ್ಲಿ ಹೆಲ್ಮ್‌ನ ಮಗಳಿಗೆ ಹೆಸರಿದೆ, ಪುಸ್ತಕದಲ್ಲಿ ನನಗೆ ಸಿಗಲಿಲ್ಲ. ಅದೂ ಯಾಕೆ?

---

ಹಳೇನಕ್ಷೆ

ಮೇಡಂ, ಹುಡುಗಿಯ ಹೆಸರು ಪುಸ್ತಕದಲ್ಲಿ ಇಲ್ಲವೇ ಇಲ್ಲ. ಹೇರಾ ಅನ್ನುವುದು ಚಿತ್ರದವರು ಇಟ್ಟ ಹೆಸರು. ಅನುಬಂಧದಲ್ಲಿ ಅವಳು ಒಂದು ಮದುವೆ ಪ್ರಸ್ತಾಪದಲ್ಲಿ ಬಂದು ಹೋಗುತ್ತಾಳೆ, ಅಷ್ಟೇ. ಅವಳಿಗೆ ವುಲ್ಫ್ ಇಷ್ಟವಿದ್ದನಾ ಅಂತ ಯಾರೂ ಕೇಳಿದ ಹಾಗಿಲ್ಲ. ಒಂದು ರಾಜ್ಯವೇ ಮುಳುಗಿಹೋಗುವ ಜಗಳ ಅವಳ ಮದುವೆಯ ನೆಪದಲ್ಲಿ ಶುರುವಾದರೂ ಅವಳ ಒಂದು ಮಾತೂ ಉಳಿದಿಲ್ಲ.

ಫ್ರೆಕಾ ವಿಷಯಕ್ಕೆ ಬಂದರೆ, ನಿಮ್ಮ ಪ್ರಶ್ನೆಯೇ ಈ ಚರ್ಚೆಯ ನಡುಮಧ್ಯ. ಅವನು ಎರಡೂ ಹೌದು. ತಾನು ರೋಹನ್‌ನ ಐದನೇ ರಾಜ ಫ್ರೆಯಾವೈನ್‌ನ ವಂಶದವನು ಅಂತ ಹೇಳಿಕೊಳ್ಳುತ್ತಿದ್ದ. ಜನ ಮಾತ್ರ ಅವನಲ್ಲಿ ಡನ್‌ಲ್ಯಾಂಡಿನ ರಕ್ತ ಜಾಸ್ತಿ ಇದೆ ಅನ್ನುತ್ತಿದ್ದರು, ಕೂದಲು ಕಪ್ಪಗಿತ್ತು ಅಂತ. ಆಡೋರ್ನ್ ನದಿಯ ಎರಡೂ ಕಡೆ ಅವನಿಗೆ ಜಮೀನಿತ್ತು. ಅಲ್ಲೇ ಒಂದು ಕೋಟೆ ಕಟ್ಟಿಕೊಂಡು ರಾಜನ ಮಾತಿಗೆ ಹೆಚ್ಚು ಬೆಲೆ ಕೊಡದೆ ಇದ್ದ.

2754ರಲ್ಲಿ ಹೆಲ್ಮ್ ಕರೆದ ಸಭೆಗೆ ಅವನು ದೊಡ್ಡ ಗುಂಪು ಕಟ್ಟಿಕೊಂಡು ಬಂದು ಮಗನಿಗೆ ಹೆಣ್ಣು ಕೇಳಿದ. ಹೆಲ್ಮ್ ಅವನ ಮೈ ದಪ್ಪವಾಗಿದ್ದನ್ನು ಹಿಡಿದು ಆಡಿಕೊಂಡ. ಫ್ರೆಕಾ ರಾಜನ ವಯಸ್ಸನ್ನು ಎತ್ತಿ ಚುಚ್ಚಿದ. ಸಭೆ ಮುಗಿದ ಮೇಲೆ ಹೆಲ್ಮ್ ಅವನನ್ನು ಊರ ಹೊರಗೆ ಕರೆದುಕೊಂಡು ಹೋಗಿ ಒಂದು ಗುದ್ದು ಕೊಟ್ಟ. ಫ್ರೆಕಾ ಬಿದ್ದವನು ಮತ್ತೆ ಎದ್ದು ಕೂರಲಿಲ್ಲ, ಸ್ವಲ್ಪ ಹೊತ್ತಿನಲ್ಲೇ ಸತ್ತ. ಹೆಲ್ಮ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ವುಲ್ಫ್ ಮತ್ತು ಅವನ ಹತ್ತಿರದ ನೆಂಟರೆಲ್ಲ ರಾಜನ ಶತ್ರುಗಳು ಅಂತ ಸಾರಿದ. ಅವರು ಓಡಿಹೋಗಿ ಡನ್‌ಲ್ಯಾಂಡಿನವರನ್ನು ಸೇರಿದರು. ಬೇರೆ ಎಲ್ಲಿಗೆ ಹೋಗಬೇಕಿತ್ತು?

ಹೆಲ್ಮ್ ಧೈರ್ಯವಂತ, ಒಪ್ಪುತ್ತೇನೆ. ರಾಜನಾಗಿ ಆ ದಿನ ಮಾಡಿದ್ದು ಕೆಟ್ಟ ಕೆಲಸ. ಎರಡು ಕಡೆಯ ರಕ್ತವಿರುವ ಒಂದು ಮನೆ ಅವನ ಗಡಿಯಲ್ಲೇ ಇತ್ತು. ಆ ಮನೆಯನ್ನು ಗೆದ್ದುಕೊಂಡಿದ್ದರೆ ಗಡಿಯೇ ಗೆದ್ದ ಹಾಗಿತ್ತು.

---

ಬಯಲಸವಾರ

ಸರ್, ಫ್ರೆಕಾ ಹೆಣ್ಣು ಕೇಳಲು ಬಂದಿದ್ದು ಆಯುಧ ಹಿಡಿದ ಜನರ ಜೊತೆ. ಅದು ಸಂಬಂಧ ಬೆಳೆಸುವ ರೀತಿಯಲ್ಲ, ಹೆದರಿಸುವ ರೀತಿ. ರಾಜ ಅದಕ್ಕೆ ಬಗ್ಗಿದ್ದರೆ ಮಾರನೇ ದಿನ ಸಿಂಹಾಸನವನ್ನೇ ಕೇಳುತ್ತಿದ್ದ.

ಮತ್ತೆ, ಆಮೇಲೆ ರೋಹನ್ ಜನ ಅನುಭವಿಸಿದ್ದನ್ನು ಒಂದು ಸಾಲಲ್ಲಿ ದಾಟಿ ಹೋಗಬಾರದು. ನಾಲ್ಕು ವರ್ಷ ಬಿಟ್ಟು 2758ರಲ್ಲಿ ವುಲ್ಫ್ ದಂಡು ಕಟ್ಟಿಕೊಂಡು ಬಂದ. ಪೂರ್ವದಿಂದಲೂ ಅದೇ ಸಮಯಕ್ಕೆ ದಾಳಿ. ಗೊಂಡೋರ್ ಸಹಾಯಕ್ಕೆ ಬರಲಾಗಲಿಲ್ಲ, ಅದರ ಕರಾವಳಿಗೆ ಕಡಲುಗಳ್ಳರ ಮೂರು ಹಡಗುಪಡೆ ನುಗ್ಗಿದ್ದವು. ಐಸೆನ್ ದಾಟುವ ಜಾಗದಲ್ಲಿ ಹೆಲ್ಮ್ ಸೋತು ಕಣಿವೆಯ ಕೋಟೆ ಸೇರಿದ. ರಾಜಧಾನಿ ಎಡೋರಾಸ್ ವುಲ್ಫ್ ಕೈಗೆ ಹೋಯಿತು. ಹೆಲ್ಮ್‌ನ ದೊಡ್ಡ ಮಗ ಹಾಲೆತ್ ಅರಮನೆಯ ಬಾಗಿಲಲ್ಲಿ ನಿಂತು ಹೋರಾಡಿ ಅಲ್ಲೇ ಸತ್ತ.

ಅದರ ಬೆನ್ನಿಗೇ ಚಳಿಗಾಲ. ನವೆಂಬರ್‌ನಿಂದ ಮಾರ್ಚ್ ತನಕ, ಐದು ತಿಂಗಳ ಹತ್ತಿರ, ಇಡೀ ರೋಹನ್ ಹಿಮದ ಕೆಳಗೆ. ಕೋಟೆಯಲ್ಲಿ ಊಟಕ್ಕಿಲ್ಲ. ಚಿಕ್ಕ ಮಗ ಹಾಮಾ ಆಹಾರ ಹುಡುಕಲು ಒಂದಷ್ಟು ಜನರ ಜೊತೆ ಹೊರಗೆ ಹೋದವನು ಹಿಮದಲ್ಲೇ ಕಳೆದುಹೋದ. ಹೆಲ್ಮ್ ಹಸಿವಿನಿಂದ, ಮಕ್ಕಳ ದುಃಖದಿಂದ ಬಡಕಲಾದ. ಬಿಳಿ ಬಟ್ಟೆ ಹಾಕಿಕೊಂಡು ರಾತ್ರಿ ಒಬ್ಬನೇ ಹೊರಬೀಳುತ್ತಿದ್ದ. ಹೊರಡುವ ಮುಂಚೆ ಕಹಳೆ ಊದುತ್ತಿದ್ದ. ಬರಿಗೈಯಲ್ಲೇ ಶತ್ರುಗಳನ್ನು ಕೊಂದು ಬರುತ್ತಿದ್ದ. ಕಡೆಗೆ ಒಂದು ರಾತ್ರಿ ಕಹಳೆ ಕೇಳಿಸಿತು, ರಾಜ ವಾಪಸ್ ಬರಲಿಲ್ಲ. ಬೆಳಗ್ಗೆ ನೋಡಿದರೆ ಕೋಟೆಯ ಮುಂದಿನ ಅಗಳ ಏರಿಯ ಮೇಲೆ ನಿಂತಲ್ಲೇ ಹೆಪ್ಪುಗಟ್ಟಿದ್ದ. ಮಂಡಿ ಬಾಗಿರಲಿಲ್ಲ.

ಫ್ರೆಕಾನ ಸಾವಿಗೆ ಇದಕ್ಕಿಂತ ದೊಡ್ಡ ದಂಡ ಇನ್ನೇನು ಬೇಕು?

---

ಕಾಡಂಚು

ಈ ಭಾಗ ಓದುವಾಗಲೆಲ್ಲ ನನಗೂ ಗಂಟಲು ಕಟ್ಟುತ್ತದೆ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ ಚಳಿಗಾಲ ಡನ್‌ಲ್ಯಾಂಡಿನವರನ್ನೂ ಬಿಟ್ಟಿರಲಿಕ್ಕಿಲ್ಲ. ಅದೇ ಹಿಮ ಅವರ ಮೇಲೂ ಬಿತ್ತು. ಅವರ ಮನೆಗಳಲ್ಲಿ ಎಷ್ಟು ಮಕ್ಕಳು ಹಸಿವಿನಿಂದ ಸತ್ತರು? ನಮ್ಮ ಮುಂದೆ ಒಂದು ಸಾಲೂ ಇಲ್ಲ. ಯಾಕೆಂದರೆ ನಮಗೆ ಸಿಕ್ಕಿರುವುದು ಒಂದೇ ಕಡೆಯವರ ಇತಿಹಾಸ.

ರೋಹನ್‌ನವರು ಪುಸ್ತಕ ಬರೆದಿಟ್ಟವರಲ್ಲ, ಹಾಡು ಕಟ್ಟಿದವರು. ಆದರೂ ಅವರ ಹಾಡು ಉಳಿಯಿತು, ಓದು ಬರಹ ಬಲ್ಲ ಗೊಂಡೋರ್ ಅವರ ಸ್ನೇಹಿತನಾಗಿತ್ತಲ್ಲ. ಎಡೋರಾಸ್‌ನಲ್ಲಿ ಸತ್ತ ರಾಜರ ದಿಬ್ಬಗಳು ಸಾಲಾಗಿವೆ. ಎಯೋರ್ಲ್‌ನಿಂದ ಹೆಲ್ಮ್ ತನಕ ಒಂಬತ್ತು ದಿಬ್ಬ ಒಂದು ಕಡೆ. ಹೆಲ್ಮ್‌ನ ತಂಗಿಯ ಮಗ ಫ್ರೆಯಾಲಾಫ್‌ನಿಂದ ಇನ್ನೊಂದು ಸಾಲು. ಹೆಸರು ಹೇಳಿಕೊಂಡು ನಡೆಯಬಹುದು. ಡನ್‌ಲ್ಯಾಂಡಿನ ಕಡೆ ನಮಗೆ ಗೊತ್ತಿರುವ ಹೆಸರೆಷ್ಟು? ವುಲ್ಫ್, ಫ್ರೆಕಾ. ಅವೂ ರೋಹನ್ ಮಾತಿನ ಹೆಸರುಗಳೇ. ಅವರ ಒಬ್ಬ ಹಾಡುಗಾರನ ಹೆಸರು, ಒಬ್ಬ ಅಜ್ಜಿಯ ಹೆಸರು ನಮಗೆ ಸಿಕ್ಕಿಲ್ಲ. ಐನೂರು ವರ್ಷ ಆ ಜನ ತಮ್ಮ ದೂರನ್ನು ಮರೆಯಲಿಲ್ಲ ಅಂತ ರೋಹನ್‌ನ ಮುದುಕನೊಬ್ಬ ಕೋಟೆಯ ಗೋಡೆ ಮೇಲೆ ನಿಂತು ಹೇಳುತ್ತಾನೆ. ಮರೆಯದೆ ಇಟ್ಟುಕೊಳ್ಳಬೇಕಾದರೆ ಅವರಲ್ಲೂ ಹಾಡು ಇರಲೇಬೇಕು.

---

ಮಂಜುದಾರಿ

ಐಸೆನ್ ನದಿ ಕಡೆಯ ಕೋಟೆ ಐಸೆನ್‌ಗಾರ್ಡ್ ಬಗ್ಗೆ ಯಾರೂ ಹೇಳಲಿಲ್ಲ. ಕಿರಿಯೋನ್ ನೆಲ ಕೊಟ್ಟಾಗ ಐಸೆನ್‌ಗಾರ್ಡನ್ನು ಕೊಡಲಿಲ್ಲ, ಗೊಂಡೋರಿಗೇ ಇಟ್ಟುಕೊಂಡ. ಅಲ್ಲಿ ಕಾವಲಿಗಿದ್ದ ಸಣ್ಣ ಪಡೆಯನ್ನು ಆಮೇಲೆ ಗೊಂಡೋರ್ ಮರೆತೇಬಿಟ್ಟಿತು. ಕಾವಲಿನವರು ಸುತ್ತಲಿನ ಡನ್‌ಲ್ಯಾಂಡಿನ ಹೆಣ್ಣುಗಳನ್ನು ಮದುವೆಯಾದರು. ತಲೆಮಾರು ಕಳೆದ ಹಾಗೆ ಅವರೇ ಡನ್‌ಲ್ಯಾಂಡಿನವರಾದರು. 2710ರ ಹೊತ್ತಿಗೆ, ಡೆಯೋರ್ ರಾಜನ ಕಾಲದಲ್ಲಿ, ಐಸೆನ್‌ಗಾರ್ಡ್ ರೋಹನ್‌ನ ಶತ್ರುಗಳ ಕೈಯಲ್ಲಿತ್ತು.

ಇದರಿಂದ ನನಗೆ ಕಾಣುವುದೇನೆಂದರೆ, ಗಡಿಯಲ್ಲಿ ಜನ ಬೆರೆಯುತ್ತಲೇ ಇದ್ದರು. ಐಸೆನ್‌ಗಾರ್ಡ್‌ನಲ್ಲೂ ಬೆರೆತರು, ಆಡೋರ್ನ್ ತೀರದಲ್ಲೂ ಬೆರೆತರು. ಬೆರೆಯಲು ಬಿಡದಿದ್ದುದು ಮೇಲಿನವರ ಜಗಳ.

ಫ್ರೆಯಾಲಾಫ್ 2759ರಲ್ಲಿ ಬೆಟ್ಟದ ಆಸರೆ ಜಾಗ ಡನ್‌ಹ್ಯಾರೋದಿಂದ ಸಣ್ಣ ಗುಂಪಿನ ಜೊತೆ ಇಳಿದು ವುಲ್ಫ್‌ನನ್ನು ಕೊಂದು ಎಡೋರಾಸ್ ವಾಪಸ್ ಪಡೆದ. ಅವನ ಪಟ್ಟಾಭಿಷೇಕಕ್ಕೆ ಉಡುಗೊರೆ ಹೊತ್ತು ಬಂದವನು ಮಾಂತ್ರಿಕ ಸಾರುಮಾನ್. ಗೊಂಡೋರಿನ ಸ್ಟೀವರ್ಡ್ ಬೆರೆನ್ ಅವನ ಕೈಗೆ ಐಸೆನ್‌ಗಾರ್ಡ್‌ನ ಓರ್ಥಾಂಕ್ ಗೋಪುರದ ಬೀಗದ ಕೈ ಕೊಟ್ಟ. ಮತ್ತೆ ಅದೇ ಕಥೆ ನೋಡಿ: ನೆಲ ಕೊಡುವವರು ದೂರದಲ್ಲಿ, ಅದರ ಪಕ್ಕ ಬದುಕುವವರು ಬೇರೆ. ಸುಮಾರು ಇನ್ನೂರು ವರ್ಷ ಸ್ನೇಹಿತನ ಹಾಗಿದ್ದ ಸಾರುಮಾನ್ 2953ರಲ್ಲಿ ಐಸೆನ್‌ಗಾರ್ಡ್ ತನ್ನದೇ ಅಂದುಕೊಂಡು ಕೋಟೆ ಭದ್ರ ಮಾಡಿದ.

---

ಹೊಸಓದುಗಿ

ಧನ್ಯವಾದ, ಈಗ ಅರ್ಥವಾಗುತ್ತಿದೆ. ಸಾರುಮಾನ್ ಡನ್‌ಲ್ಯಾಂಡಿನವರನ್ನು ಎಬ್ಬಿಸಿದಾಗ ಹೊಸ ದ್ವೇಷ ಹುಟ್ಟಿಸಬೇಕಾದ ಕೆಲಸವೇ ಇರಲಿಲ್ಲ. ಹಳೆಯ ಕೆಂಡಕ್ಕೆ ಊದಿದರೆ ಸಾಕಿತ್ತು. ಹಾಗಾದರೆ 3019ರಲ್ಲಿ ಹೆಲ್ಮ್‌ನ ಅದೇ ಕೋಟೆಯಲ್ಲಿ ಸಾರುಮಾನ್ ಪಡೆಯ ಜೊತೆ ನಡೆದ ಯುದ್ಧ ಆದಮೇಲೆ ಡನ್‌ಲ್ಯಾಂಡಿನವರಿಗೇನಾಯಿತು?

---

ಬಯಲಸವಾರ

ಇದನ್ನು ಹೇಳಲು ನನಗೆ ಹೆಮ್ಮೆ. ಸೋತು ಶರಣಾದ ಡನ್‌ಲ್ಯಾಂಡಿನವರು ನಡುಗುತ್ತಿದ್ದರು. ರೋಹನ್‌ನವರು ಸೆರೆಯಾಳುಗಳನ್ನು ಜೀವಂತ ಸುಡುತ್ತಾರೆ ಅಂತ ಸಾರುಮಾನ್ ಅವರ ತಲೆಗೆ ತುಂಬಿದ್ದ. ರೋಹನ್‌ನ ಮುಖಂಡ ಎರ್ಕೆನ್‌ಬ್ರಾಂಡ್ ಅವರನ್ನು ಕೊಲ್ಲಲಿಲ್ಲ. ಹಾಳಾದ ಕೋಟೆ ರಿಪೇರಿಗೆ ಕೈ ಹಾಕಿ, ಇನ್ನು ಮುಂದೆ ಆಯುಧ ಹಿಡಿದು ಐಸೆನ್ ದಾಟುವುದಿಲ್ಲ ಅಂತ ಆಣೆ ಇಡಿ, ಆಮೇಲೆ ಊರಿಗೆ ಹೋಗಿ ಅಂದ. ಸತ್ತ ಡನ್‌ಲ್ಯಾಂಡಿನವರನ್ನು ಬೇರೆ ದಿಬ್ಬದಲ್ಲಿ ಮರ್ಯಾದೆಯಿಂದ ಮಣ್ಣು ಮಾಡಿದರು. ಸಾರುಮಾನ್ ಪಡೆಯಲ್ಲಿದ್ದ ಓರ್ಕ್ ಎಂಬ ರಾಕ್ಷಸರ ಹೆಣದ ಜೊತೆ ಹಾಕಲಿಲ್ಲ. ಆ ಜನ ಬೆರಗಾಗಿ ನಿಂತರು.

ಕೋಟೆಯ ಯುದ್ಧ ಮುಗಿದು ಒಂದು ದಿನವೂ ಆಗಿರಲಿಲ್ಲ. ರಾಜ ಥೆಯೋಡೆನ್‌ನ ಒಬ್ಬನೇ ಮಗ ಥೆಯೋಡ್ರೆಡ್ ಕೆಲವೇ ದಿನಗಳ ಹಿಂದೆ ಐಸೆನ್ ದಡದಲ್ಲಿ ಸತ್ತಿದ್ದ. ಅಂಥ ಹೊತ್ತಲ್ಲಿ ಕೈ ತಡೆದವರನ್ನು ನಾನು ದೊಡ್ಡವರು ಅಂತಲೇ ಕರೆಯುತ್ತೇನೆ.

---

ಕಾಡಂಚು

ನಾನೂ ಕರೆಯುತ್ತೇನೆ. ಆದರೆ ಆ ಆಣೆಯನ್ನು ಇನ್ನೊಮ್ಮೆ ಓದಿ. ಐಸೆನ್ ದಾಟಬೇಡಿ ಅನ್ನುವುದು ಅದರ ತಿರುಳು. ಅಂದರೆ ಆಲ್ಡೋರ್ ಎಳೆದ ಗೆರೆಯೇ ಮತ್ತೆ ಗಟ್ಟಿಯಾಯಿತು.

ಇದರ ಪಕ್ಕ ಘಾನ್-ಬುರಿ-ಘಾನ್ ಕಥೆ ಇಟ್ಟು ನೋಡಿ. ಡ್ರೂಎಡೈನ್ ಅನ್ನುವ ಕಾಡುಜನ ಇದ್ದರಲ್ಲ, ಅವರನ್ನು ರೋಹನ್‌ನವರು ಹಿಂದೆ ಪ್ರಾಣಿಗಳ ಹಾಗೆ ಬೇಟೆಯಾಡಿದ್ದರು. ಇದನ್ನೂ ನಾವು ಮುಚ್ಚಿಡಬಾರದು. ಥೆಯೋಡೆನ್ ರಾಜ ಗೊಂಡೋರಿನ ಕಡೆ ಓಡುತ್ತಿದ್ದಾಗ, ದಾರಿಯಲ್ಲಿ ಶತ್ರು ಕಾದು ಕೂತಿದ್ದಾಗ, ಮರೆತುಹೋದ ಹಳೇ ಬಂಡಿದಾರಿ ತೋರಿಸಿದವನು ಅವರ ಮುಖ್ಯಸ್ಥ ಘಾನ್. ಪ್ರತಿಯಾಗಿ ಅವನು ಚಿನ್ನ ಕೇಳಲಿಲ್ಲ. ನಮ್ಮನ್ನು ಇನ್ನು ಬೇಟೆಯಾಡಬೇಡಿ, ಕಾಡಲ್ಲಿ ನಮ್ಮ ಪಾಡಿಗೆ ಬಿಡಿ ಅಂದ. ಯುದ್ಧ ಮುಗಿದ ಮೇಲೆ ಗೊಂಡೋರಿನ ಹೊಸ ರಾಜ ಅರಾಗೋರ್ನ್ ಡ್ರುವಾಡನ್ ಕಾಡನ್ನು ಆ ಜನರಿಗೇ ಶಾಶ್ವತವಾಗಿ ಕೊಟ್ಟ. ಅವರ ಒಪ್ಪಿಗೆಯಿಲ್ಲದೆ ಯಾರೂ ಒಳಗೆ ಕಾಲಿಡಬಾರದು ಅಂತ ಸಾರಿಸಿದ.

ಹಾಗಾದರೆ ಹಳೆಯ ಜನರಿಗೆ ಅವರ ನೆಲ ಅವರದೇ ಅಂತ ಒಪ್ಪಿಕೊಡುವುದು ಆ ಲೋಕದಲ್ಲೂ ಆಗುವ ಕೆಲಸವೇ. ಡನ್‌ಲ್ಯಾಂಡಿನವರಿಗೆ ಯಾಕೆ ಆಗಲಿಲ್ಲ?

---

ಮಂಜುದಾರಿ

ಘಾನ್ ಸಹಾಯ ಮಾಡಿದ, ಡನ್‌ಲ್ಯಾಂಡಿನವರು ಸಾರುಮಾನ್ ಕಡೆ ನಿಂತರು. ಅದೇ ಉತ್ತರ ಅಲ್ವಾ?

---

ಹಳೇನಕ್ಷೆ

ಅದು ಉತ್ತರದ ಒಂದು ಭಾಗ ಮಾತ್ರ. ಘಾನ್ ಕೇಳಿದ್ದು ಕಾಡಿನ ಒಳಗೆ ನೆಮ್ಮದಿ. ಆ ಕಾಡಲ್ಲಿ ಬೇರೆ ಯಾರೂ ಉಳುಮೆ ಮಾಡುತ್ತಿರಲಿಲ್ಲ. ಕೊಡುವುದು ಸುಲಭವಿತ್ತು. ಡನ್‌ಲ್ಯಾಂಡಿನವರು ಕೇಳುತ್ತಿದ್ದುದು ರೋಹನ್‌ನವರು ಐನೂರು ವರ್ಷ ಹುಟ್ಟಿ ಬೆಳೆದ ಪಶ್ಚಿಮದ ಕಣಿವೆಗಳು. ಅವನ್ನು ಬಿಟ್ಟುಕೊಡು ಅಂತ ಥೆಯೋಡೆನ್ ನಂತರ ರಾಜನಾದ ಎಯೋಮರ್‌ಗೆ ಹೇಳಲು ನನಗೂ ಬಾಯಿ ಬರುವುದಿಲ್ಲ. ಬಯಲಸವಾರ ಅವರ ಕಡೆಯ ನ್ಯಾಯವೂ ಅಷ್ಟೇ ಗಟ್ಟಿ.

ಆದರೆ ನಡುವೆ ಒಂದು ಜಾಗ ಇತ್ತು. ಐಸೆನ್ ಮತ್ತು ಆಡೋರ್ನ್ ನಡುವಿನ ನೆಲ. ಹೆಸರಿಗೆ ರೋಹನ್‌ನದು. ಫೋಲ್ಕ್‌ವೈನ್ ರಾಜ ಅದನ್ನು ವಾಪಸ್ ಗೆದ್ದಿದ್ದ. ಆದರೂ ಅಲ್ಲಿ ಉಳಿದವರು ಹೆಚ್ಚಾಗಿ ಬೆರೆತ ರಕ್ತದ ಜನ. ಎಡೋರಾಸ್ ಮೇಲೆ ಅವರಿಗೆ ಅಷ್ಟೇನೂ ನಿಷ್ಠೆಯಿರಲಿಲ್ಲ. ಹೆಲ್ಮ್ ಫ್ರೆಕಾನನ್ನು ಕೊಂದದ್ದನ್ನು ಅವರು ಇನ್ನೂರ ಅರವತ್ತು ವರ್ಷ ಕಳೆದರೂ ಮರೆತಿರಲಿಲ್ಲ. ಟೋಲ್ಕಿನ್ ಇದನ್ನು ತಮ್ಮ ಟಿಪ್ಪಣಿಗಳಲ್ಲಿ ಬರೆದಿದ್ದಾರೆ.

ಎಯೋಮರ್ ಗೊಂಡೋರಿನ ಹೊಸ ರಾಜನ ಜೊತೆ ಎಯೋರ್ಲ್‌ನ ಆಣೆಯನ್ನು ಮತ್ತೆ ಇಟ್ಟ. ನನ್ನ ಆಸೆ ಏನೆಂದರೆ, ಅದೇ ವರ್ಷ ಅವನು ಆಡೋರ್ನ್ ತೀರಕ್ಕೂ ಒಮ್ಮೆ ಹೋಗಬೇಕಿತ್ತು. ಸೈನ್ಯ ಬಿಟ್ಟು, ಫ್ರೆಕಾನ ಊರಿನವರ ಎದುರು ಕೂತು, ಆ ಸಾವಿಗೆ ದಂಡ ಕಟ್ಟಬೇಕಿತ್ತು. ಇದು ರೋಹನ್‌ನವರಿಗೆ ಗೊತ್ತಿಲ್ಲದ ಪದ್ಧತಿಯೇನಲ್ಲ. 2885ರಲ್ಲಿ ಫೋಲ್ಕ್‌ವೈನ್‌ನ ಅವಳಿ ಮಕ್ಕಳು ಗೊಂಡೋರಿಗಾಗಿ ಸತ್ತಾಗ ಸ್ಟೀವರ್ಡ್ ಚಿನ್ನ ಕಳಿಸಿಕೊಟ್ಟಿದ್ದ. ಎಯೋರ್ಲ್‌ನ ತಂದೆಯನ್ನು ಕೊಂದ ಕುದುರೆ ಕೂಡ ತನ್ನ ಸ್ವಾತಂತ್ರ್ಯವನ್ನೇ ದಂಡವಾಗಿ ಕೊಟ್ಟಿತ್ತು. ಮಗ ಹದಿನಾರರ ಹುಡುಗ, ಆ ಕುದುರೆಯನ್ನು ಕೊಲ್ಲದೆ ಅದನ್ನೇ ಏರಿದ. ಆ ಜನರ ಇತಿಹಾಸ ಶುರುವಾಗಿದ್ದೇ ಹಾಗೆ.

---

ಬಯಲಸವಾರ

ಇದನ್ನು ನಾನು ಒಪ್ಪುತ್ತೇನೆ ಸರ್. ನೆಲ ಬಿಟ್ಟುಕೊಡುವ ಮಾತಿಗೆ ನಾನು ಈಗಲೂ ವಿರೋಧವೇ. ಆದರೆ ಫ್ರೆಕಾನ ಸಾವಿಗೆ ದಂಡ ಕಟ್ಟುವುದು ರೋಹನ್‌ನ ಮರ್ಯಾದೆಗೆ ತಕ್ಕದ್ದೇ. ಎರ್ಕೆನ್‌ಬ್ರಾಂಡ್‌ನನ್ನು ಕಳಿಸಿದರೂ ಸಾಕಿತ್ತು, ಅವನ ಮಾತನ್ನು ಆ ಜನ ನಂಬುತ್ತಿದ್ದರು.

ಮುಂದಿನ ವಾರ ಥೆಂಗೆಲ್ ರಾಜನ ಬಗ್ಗೆ ಹೊಸ ಚರ್ಚೆ ಶುರು ಮಾಡುತ್ತೇನೆ. ಗೊಂಡೋರಿನಲ್ಲಿ ಅಷ್ಟು ವರ್ಷ ಇದ್ದು ಬಂದು ಮನೆಯಲ್ಲಿ ಅಲ್ಲಿನ ಮಾತನ್ನೇ ಆಡುತ್ತಿದ್ದ ರಾಜ ಅವನು. ಊರಲ್ಲಿ ಎಲ್ಲರಿಗೂ ಅದು ಹಿಡಿಸಿರಲಿಲ್ಲ. ಕಾಡಂಚು ಅವರು ತಪ್ಪದೇ ಬನ್ನಿ.